ಹಿತ್ತಲ ಮಾತು: ಸಂಜೆ ಅರಳುವ ಹೀರೆ, ದಾಸವಾಳದ ಬಿಳಿ ಹುಳು

ಮೃಗಶಿರಾ ಮಳೆ ಹನಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಕಾಗದಗಳೂ ಹೆಚ್ಚುತ್ತವೆ. ಈ ಸಲ ಬಂದ ಬಹುಪಾಲು ಪ್ರಶ್ನೆಗಳ ಕೊನೆಯ ಸಾಲು ಒಂದೇ: "ಏನು ಸಿಂಪಡಿಸಬೇಕು, ತಿಳಿಸಿ." ಸಿಂಪಡಿಸುವುದರ ಬಗ್ಗೆ ಖಂಡಿತ ಬರೆಯುತ್ತೇನೆ. ಅದಕ್ಕೂ ಮೊದಲು ಎಲೆಯ ಅಡಿಭಾಗ, ಕಾಂಡದ ಮೇಲಿನ ಇರುವೆ, ಹೂವು ಅರಳುವ ಹೊತ್ತು ಇವನ್ನೆಲ್ಲ ನೋಡಿದಿರಾ ಎಂದು ನಾನು ಕೇಳುತ್ತಲೇ ಇರುತ್ತೇನೆ, ಬೇಸರಿಸಬೇಡಿ.

ಅಕ್ಕ, ನಮ್ಮ ದಾಸವಾಳದ ಕುಡಿಗಳಿಗೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ಹುಳು ಮುತ್ತಿದೆ. ಬೇವಿನ ಎಣ್ಣೆ, ಸೋಪಿನ ನೀರು, ಬೆಳ್ಳುಳ್ಳಿ ಕಷಾಯ, ಹುಳಿ ಮಜ್ಜಿಗೆ ಎಲ್ಲವೂ ಆಯಿತು. ವಾರದೊಳಗೆ ಮತ್ತೆ ಬರುತ್ತದೆ. ಗಿಡವನ್ನೇ ಕಿತ್ತು ಹಾಕಲೇ?
— ಗೃಹಿಣಿ, ಬೆಂಗಳೂರು

ಕೀಳಬೇಡಿ ಅಮ್ಮ. ಇದು ಹಿಟ್ಟು ತಿಗಣೆ. ನೀವು ಬರೆಯದೇ ಬಿಟ್ಟ ಒಂದು ಸಂಗತಿಯನ್ನು ಮೊದಲು ನೋಡಿ ಬನ್ನಿ: ದಾಸವಾಳದ ಕಾಂಡದ ಮೇಲೆ ಇರುವೆಗಳ ಸಾಲು ಇದೆಯೇ? ಇದ್ದೇ ಇರುತ್ತದೆ. ಹಿಟ್ಟು ತಿಗಣೆ ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಹೊರಗೆ ಬಿಡುತ್ತದೆ. ಆ ಸಿಹಿಯ ಆಸೆಗೆ ಇರುವೆಗಳು ಅದಕ್ಕೆ ಕಾವಲು ನಿಲ್ಲುತ್ತವೆ. ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ, ಮರಿಗಳನ್ನು ಹೊಸ ಕುಡಿಗೆ ಹೊತ್ತೊಯ್ಯುತ್ತವೆ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಇರುವೆಯಿಂದ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡವನ್ನು ಕೂರಿಸಿ. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ನೆಲದಲ್ಲಿ ನೆಟ್ಟ ಗಿಡವಾದರೆ ಕಾಂಡಕ್ಕೆ ಅಂಗೈ ಅಗಲದ ಬಟ್ಟೆ ಸುತ್ತಿ ಹರಳೆಣ್ಣೆ ಸವರಿ. ಒಂದೇ ಒಂದು ರೆಂಬೆ ಗೋಡೆಗೆ ತಾಗಿದ್ದರೂ ಇರುವೆ ಆ ದಾರಿಯನ್ನು ಹಿಡಿಯುತ್ತದೆ, ಅದನ್ನೂ ಕತ್ತರಿಸಿಬಿಡಿ.

ನಂತರ ತೀರ ಹಾಳಾದ ಕುಡಿಗಳನ್ನು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿನಲ್ಲಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದ ರೆಂಬೆಗಳಿಗೆ ಪೈಪಿನಿಂದ ರಭಸವಾಗಿ ನೀರು ಹೊಡೆಯಿರಿ. ಅರ್ಧದಷ್ಟು ಹುಳು ಇದರಲ್ಲೇ ಹೋಗುತ್ತದೆ. ಆಮೇಲೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಸಾಕು. ಎಣ್ಣೆಯನ್ನು ಮೊದಲು ಸ್ವಲ್ಪ ಅಂಟುವಾಳದ ನೀರಿನಲ್ಲಿ ಕದಡಿ ಹಾಲಿನಂತಾದ ಮೇಲೆ ಉಳಿದ ನೀರಿಗೆ ಸೇರಿಸಿ, ಇಲ್ಲವಾದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ. ಬಿಸಿಲು ಇಳಿದ ಮೇಲೆ, ಎಲೆಯ ಅಡಿಗೂ ಕವಲುಗಳ ಸಂದಿಗೂ ತಾಗುವಂತೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಬಿಡದೆ ಮಾಡಿ. ವಾರದೊಳಗೆ ಮತ್ತೆ ಬರುವುದೇಕೆಂದರೆ, ಹತ್ತಿಯಂತಹ ಗೂಡಿನೊಳಗಿನ ಮೊಟ್ಟೆಗಳಿಗೆ ಯಾವ ಸಿಂಪಡಣೆಯೂ ಇಳಿಯುವುದಿಲ್ಲ. ಅವು ಒಡೆದು ಮರಿ ಹೊರಬಂದಾಗ ನೀವು ಮತ್ತೆ ಅಲ್ಲಿರಬೇಕು. ನಿಮ್ಮ ಬೇವಿನ ಎಣ್ಣೆ ಸರಿಯಾಗಿಯೇ ಇದೆ, ಪಟ್ಟು ಸಾಲದಾಗಿದೆ. ಪ್ರತಿ ವಾರ ಹೊಸ ಕಷಾಯಕ್ಕೆ ಹಾರುವುದನ್ನು ದಯವಿಟ್ಟು ನಿಲ್ಲಿಸಿ.

ಇನ್ನೊಂದು ಮಾತು. ಆ ಬಿಳಿ ಹುಳುಗಳ ನಡುವೆ ಒಂದೆರಡು ಹುಳು ಉಳಿದವುಗಳಿಗಿಂತ ಎರಡು ಮೂರು ಪಟ್ಟು ದೊಡ್ಡದಾಗಿ, ಉದ್ದುದ್ದ ಬಿಳಿ ಎಳೆಗಳನ್ನು ಹೊದ್ದುಕೊಂಡು ಇರಬಹುದು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಹಿಟ್ಟು ತಿಗಣೆ ಕದಲುವುದೇ ಕಷ್ಟ, ಇದು ಸರಸರನೆ ಓಡುತ್ತದೆ. ಹಾಗಿದ್ದರೆ ಅದನ್ನು ಕೊಲ್ಲಬೇಡಿ! ಅದು ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿ. ಬೆಳೆದ ದುಂಬಿ ಕಪ್ಪಗೆ, ಪುಟ್ಟದಾಗಿ, ತಲೆ ಮತ್ತು ಬಾಲದ ತುದಿ ಕಿತ್ತಳೆ ಬಣ್ಣದ್ದಾಗಿರುತ್ತದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಿಸಿದ ಜೀವಿ ಇದು. ಅದು ಕಂಡ ಕೊಂಬೆಗೆ ಸಿಂಪಡಣೆ ಬೇಡ.

2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿ ಹಿಟ್ಟು ತಿಗಣೆ ಮೊದಲು ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನೆಲ್ಲ ಬಿಳಿಯಾಗಿಸಿದ್ದು ಹಲವರಿಗೆ ನೆನಪಿರಬಹುದು. ರೈತರು ಸಿಂಪಡಿಸಿ ಸಿಂಪಡಿಸಿ ಕೈಸೋತರು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರದ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೊ ಮೂಲದ ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ಹೊಲಗಳಿಗೆ ಬಿಟ್ಟರು. ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಚಿಕ್ಕ ಆ ಕಣಜ, ತಿಗಣೆಯ ಒಡಲಿನೊಳಗೆ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತಂದಿತು. ನಿಮ್ಮ ಮನೆಯಂಗಳದಲ್ಲೂ ಇಂತಹ ಕೆಲಸಗಾರರು ಇದ್ದಾರೆ. ಕಂಡದ್ದಕ್ಕೆಲ್ಲ ಕಟುವಾದ ದ್ರಾವಣ ಹೊಡೆದರೆ ಮೊದಲು ಸಾಯುವವರು ಅವರು.

ಟೆರೇಸಿನಲ್ಲಿ ಹೀರೆ ಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಹೂವಿಗೇನೂ ಕೊರತೆಯಿಲ್ಲ. ಕಾಯಿ ಕಿರುಬೆರಳಿನಷ್ಟಾಗಿ ಹಳದಿ ತಿರುಗಿ ಉದುರುತ್ತದೆ. ಬೆಳಿಗ್ಗೆ ಎದ್ದು ಕೈಯಿಂದಲೇ ಪರಾಗಸ್ಪರ್ಶ ಮಾಡಿದೆ, ಪ್ರಯೋಜನವಾಗಲಿಲ್ಲ. ಬೋರಾನ್ ಎಂಬ ಪೋಷಕಾಂಶ ಹಾಕಬೇಕೆಂದು ಅಂಗಡಿಯವರು ಹೇಳುತ್ತಾರೆ. ಬೀಜ ಎತ್ತಿಡುವುದು ಹೇಗೆ ಎಂಬುದನ್ನೂ ತಿಳಿಸಿ.
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಮೇಷ್ಟ್ರೇ, ಬೋರಾನ್ ಅಂಗಡಿಯಲ್ಲೇ ಇರಲಿ. ನೀವು ಮಾಡಿದ ಕೆಲಸ ಸರಿ, ಹೊತ್ತು ಮಾತ್ರ ತಪ್ಪಿದೆ. ಏಣಿನ ಹೀರೆಯ ಹೂವು ಅರಳುವುದು ಸಂಜೆ. ಸೂರ್ಯ ಇಳಿಯುತ್ತಿರುವಾಗ ಚಪ್ಪರದ ಕೆಳಗೆ ನಿಂತು ನೋಡಿ, ಹಗಲೆಲ್ಲ ಮುಷ್ಟಿ ಕಟ್ಟಿದ್ದ ಮೊಗ್ಗು ನಿಮ್ಮ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಅದು ಕಾಯುವುದು ಇರುಳಿನ ಪತಂಗಗಳಿಗೆ. ಬೆಳಿಗ್ಗೆ ನೀವು ಹೋಗುವ ವೇಳೆಗೆ ಹೂವು ಹಳೆಯದಾಗಿರುತ್ತದೆ.

ಗಂಡು ಹೂವುಗಳು ಒಂದು ಉದ್ದ ದಂಟಿನಲ್ಲಿ ಗೊಂಚಲಾಗಿ ಬಂದು ದಿನಕ್ಕೊಂದೆರಡರಂತೆ ಅರಳುತ್ತವೆ. ಹೆಣ್ಣು ಹೂವು ಒಂಟಿ, ಅದರ ಹಿಂದೆ ಏಣುಗಳು ಮೂಡಿರುವ ಪುಟಾಣಿ ಕಾಯಿ ಇರುತ್ತದೆ. ಸಂಜೆ ಆರರ ಸುಮಾರಿಗೆ ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿನ ಅಂಟಾದ ಭಾಗಕ್ಕೆ ಮೆತ್ತಗೆ ಒತ್ತಿ. ಬೆರಳಿಗೆ ಹಳದಿ ಹುಡಿ ಹತ್ತಿದರೆ ಪರಾಗ ಚೆನ್ನಾಗಿದೆ ಎಂದು ತಿಳಿಯಿರಿ. ಒಂದು ಹೆಣ್ಣಿಗೆ ಎರಡು ಮೂರು ಗಂಡು ಹೂವು ಬಳಸಿದರೆ ಕಾಯಿ ಸೊಟ್ಟಗಾಗದೆ ಉದ್ದಕ್ಕೂ ತುಂಬಿಕೊಳ್ಳುತ್ತದೆ. ಕೂಡಿದ ಹೂವಿನ ಕಾಯಿ ಕೆಲವೇ ದಿನಗಳಲ್ಲಿ ದಪ್ಪಗಾಗಿ ಕೆಳಕ್ಕೆ ಬಾಗುತ್ತದೆ, ಕೂಡದ್ದು ಹಳದಿಯಾಗುತ್ತದೆ. ಟೆರೇಸಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿದ್ದರೆ ಆರಿಸಿ, ಪತಂಗಗಳು ದೀಪ ಸುತ್ತುವುದನ್ನು ಬಿಟ್ಟು ಹೂವಿಗೆ ಬರಲಿ.

ಬಳ್ಳಿ ತರಕಾರಿಗಳಿಗೆ ಎಲ್ಲಕ್ಕೂ ಒಂದೇ ಹೊತ್ತಲ್ಲ. ಸೋರೆಯ ಬಿಳಿ ಹೂವು ಹೀರೆಯಂತೆಯೇ ಸಂಜೆಯದ್ದು. ಕುಂಬಳ ನಸುಕಿನಲ್ಲಿ ಅರಳಿ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಲ, ಸೌತೆ, ತುಪ್ಪದ ಹೀರೆ ಇವೆಲ್ಲ ಬೆಳಗಿನವು. ಇನ್ನು, ಬಳ್ಳಿ ಹೂ ಬಿಡಲು ತೊಡಗಿದ ಮೊದಲ ದಿನಗಳಲ್ಲಿ ಬರೀ ಗಂಡು ಹೂವೇ ಬರುತ್ತದೆ, ಅದು ರೋಗವಲ್ಲ. ಎಲೆ ಕಡುಹಸಿರಾಗಿ ಬಳ್ಳಿ ಸೊಕ್ಕಿ ಬೆಳೆದಿದ್ದರೆ ಸಗಣಿ ನೀರು, ಹಿಂಡಿ ನೀರುಗಳನ್ನು ಸ್ವಲ್ಪ ದಿನ ನಿಲ್ಲಿಸಿ.

ಕಾಯಿಯ ಮೇಲೆ ಸೂಜಿ ಚುಚ್ಚಿದಂತಹ ಗುರುತು, ಅಲ್ಲಿಂದ ಒಸರಿದ ಅಂಟು ಕಂಡರೆ ಅದು ಹಣ್ಣು ನೊಣದ ಕೆಲಸ. ಕೂಡಿದ ಮಾರನೆಯ ದಿನವೇ ಕಾಯಿಗೆ ಹಳೆಯ ಪತ್ರಿಕೆಯ ಕೊಳವೆ ತೊಡಿಸಿ, ಬಾಯಿ ಕಟ್ಟಿ. ಚುಚ್ಚಿದ ಕಾಯಿಗಳನ್ನು ಬುಡದಲ್ಲಿ ಬಿಡದೆ ಆರಿಸಿ, ಬಿಸಿ ನೀರಿಗೆ ಹಾಕಿ. ಒಳಗಿನ ಹುಳು ಮಣ್ಣಿಗಿಳಿದರೆ ಮುಂದಿನ ತಂಡ ಅಲ್ಲಿಂದಲೇ ಏಳುತ್ತದೆ.

ಬೀಜದ ಬಗ್ಗೆಯೂ ಕೇಳಿದ್ದೀರಿ. ನಾಟಿ ತಳಿಯಾಗಿದ್ದರೆ ಬಳ್ಳಿಯ ಒಂದು ಒಳ್ಳೆಯ ಕಾಯಿಯನ್ನು ಕೊಯ್ಯದೆ ಬಿಟ್ಟುಬಿಡಿ. ಅದು ಒಣಗಿ ಕಂದಾಗಿ, ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಆಗ ತುದಿಯಲ್ಲಿರುವ ಪುಟ್ಟ ಮುಚ್ಚಳ ತಾನಾಗಿ ಕಳಚುತ್ತದೆ. ತಲೆಕೆಳಗು ಮಾಡಿದರೆ ಕಪ್ಪು ಬೀಜಗಳು ನಾರಿನ ಜಾಲದಿಂದ ಅಂಗೈಗೆ ಉದುರುತ್ತವೆ. ಸಾಗರದ ನಮ್ಮ ಮನೆಯಲ್ಲಿ ಅಮ್ಮ ಸೌತೆ ಬೀಜವನ್ನು ಬೂದಿ, ಸಗಣಿಯಲ್ಲಿ ಕಲಸಿ ಒಲೆಯ ಹಿಂದಿನ ಗೋಡೆಗೆ ಬಿಲ್ಲೆಯಾಗಿ ತಟ್ಟುತ್ತಿದ್ದರು. ಹೊಗೆಗೆ ಹುಳು ಹತ್ತುತ್ತಿರಲಿಲ್ಲ, ಮಳೆಗಾಲಕ್ಕೆ ಒಂದೊಂದೇ ಬಿಲ್ಲೆ ಕಿತ್ತು ನೆನೆಸಿ ಊರುತ್ತಿದ್ದರು. ಈಗ ಒಲೆಯಿಲ್ಲದ ಮನೆಗಳಲ್ಲಿ ಒಣಬೂದಿ ಬೆರೆಸಿ ಗಾಜಿನ ಸೀಸೆಯಲ್ಲಿಟ್ಟರೂ ಆದೀತು. ಪೊಟ್ಟಣದ ಮೇಲೆ ಹೈಬ್ರಿಡ್ ಎಂದಿದ್ದರೆ ಅದರ ಬೀಜ ಎತ್ತಿಡಬೇಡಿ, ಮಕ್ಕಳು ತಾಯಿಯಂತೆ ಬರುವುದಿಲ್ಲ.

ನಾನು ಆರನೇ ತರಗತಿ. ನಮ್ಮ ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹ ಹುಳು ಇದೆ. ಅಜ್ಜಿ ತೆಗೆದು ಬಿಸಾಡು ಎನ್ನುತ್ತಾರೆ. ಅದು ಕಚ್ಚುತ್ತದೆಯೇ?
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಪುಟ್ಟೀ, ಕಚ್ಚುವುದಿಲ್ಲ. ಅದು ಚಿಟ್ಟೆಯ ಮರಿ. ಹಕ್ಕಿಗಳು ತನ್ನನ್ನು ಹಿಕ್ಕೆ ಎಂದುಕೊಂಡು ಬಿಟ್ಟುಬಿಡಲಿ ಎಂದೇ ಕಂದು ಬಿಳಿ ಬಣ್ಣದ ವೇಷ. ಸ್ವಲ್ಪ ದೊಡ್ಡದಾದ ಮೇಲೆ ಎಲೆಯದೇ ಹಸಿರಿಗೆ ತಿರುಗುತ್ತದೆ. ಹುಲ್ಲುಕಡ್ಡಿಯಿಂದ ಬೆನ್ನನ್ನು ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕವೆಯಂತಹ ಎರಡು ಕೊಂಬು ಫಕ್ಕನೆ ಹೊರಗೆ ಬರುತ್ತವೆ, ಜೊತೆಗೆ ಘಾಟು ವಾಸನೆ. ಅದು ಹೆದರಿಸುವ ಉಪಾಯ. ಒಮ್ಮೆ ನೋಡಿದರೆ ಸಾಕು, ಮತ್ತೆ ಮತ್ತೆ ಕಾಡಬೇಡ. ಅಜ್ಜಿಗೆ ಹೇಳು, ಗಿಡ ಆಳೆತ್ತರವಿದ್ದರೆ ನಾಲ್ಕೈದು ಹುಳು ತಿಂದರೂ ಅದಕ್ಕೇನೂ ಆಗುವುದಿಲ್ಲ, ಹೊಸ ಚಿಗುರು ಬರುತ್ತದೆ. ಗೇಣುದ್ದದ ಸಸಿಯಾದರೆ ಹುಳುವನ್ನು ಎಲೆಯ ಸಮೇತ ಎತ್ತಿ ದೊಡ್ಡ ಕರಿಬೇವಿನ ಗಿಡಕ್ಕೆ ಬಿಡು. ಅದೂ ನಿಂಬೆಯ ಬಳಗದ್ದೇ, ಇದೇ ಚಿಟ್ಟೆಗಳು ಅಲ್ಲಿಯೂ ಮೊಟ್ಟೆಯಿಡುತ್ತವೆ.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಅಡುಗೆಮನೆ ಕಸದ ಗೊಬ್ಬರ ಮಾಡುತ್ತಿದ್ದೇನೆ. ಡಬ್ಬಿ ನಾರುತ್ತಿದೆ, ಚಪ್ಪಟೆ ಹುಳುಗಳು ಕಿಕ್ಕಿರಿದಿವೆ. ನೆರೆಯವರು ದೂರು ಕೊಟ್ಟಿದ್ದಾರೆ.
— ಮೈಸೂರು

ವಾಸನೆಗೆ ಕಾರಣ ನೀರು, ಗಾಳಿಯ ಕೊರತೆ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣ ಎಲೆ ಬೇಕೇ ಬೇಕು. ಹೊಂಗೆಯ ಒಣ ಎಲೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ, ಅದಕ್ಕೆ ಯಾರೋ ಬೆಂಕಿ ಇಡುವ ಮೊದಲು ಒಂದು ಚೀಲ ತುಂಬಿಸಿ ತನ್ನಿ. ಪೌರಕಾರ್ಮಿಕರನ್ನು ಕೇಳಿದರೆ ಅವರೇ ಗುಡಿಸಿಟ್ಟದ್ದನ್ನು ಕೊಡುತ್ತಾರೆ. ಎಲೆ ಸುಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಊರಿಗೆ ಹೊಗೆ, ಮಣ್ಣಿಗೆ ಉಪವಾಸ. ಡಬ್ಬಿಯ ತಳಕ್ಕೂ ಪಕ್ಕಕ್ಕೂ ತೂತು ಇರಲಿ. ಮೂರು ದಿನಕ್ಕೊಮ್ಮೆ ಕೆದಕಿ. ಒಂದು ಹಿಡಿ ಎತ್ತಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನಷ್ಟು ಎಲೆ. ಸಾರು, ಮೊಸರನ್ನ, ಎಣ್ಣೆ ಪದಾರ್ಥಗಳನ್ನು ಡಬ್ಬಿಗೆ ಸುರಿಯಬೇಡಿ.

ಆ ಚಪ್ಪಟೆ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳು. ಅವು ಕಸವನ್ನು ಬಹಳ ಬೇಗ ತಿಂದು ಮುಗಿಸುತ್ತವೆ. ಬೆಳೆದ ನೊಣ ಕಚ್ಚುವುದಿಲ್ಲ, ಮನೆನೊಣದಂತೆ ನಮ್ಮ ಊಟದ ಮೇಲೆ ಕೂರುವ ಜಾತಿಯೂ ಅಲ್ಲ. ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಹಳೆಯ ಗೊಬ್ಬರ ಮುಚ್ಚಿದರೆ ಹುಳು ಕಣ್ಣಿಗೆ ಬೀಳುವುದಿಲ್ಲ, ನೆರೆಯವರೂ ನೆಮ್ಮದಿಯಾಗಿರುತ್ತಾರೆ. ಗೊಬ್ಬರ ಮಾಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂದ ಮೇಲೆ ಆ ಮನೆಯವರಿಗೂ ಒಂದು ಕುಂಡಕ್ಕಾಗುವಷ್ಟು ಕೊಡಿ.

ಚಕ್ರಮುನಿ ಸೊಪ್ಪಿನಲ್ಲಿ ಎಲ್ಲ ವಿಟಮಿನ್ನುಗಳೂ ಇವೆಯಂತೆ. ದಿನಾ ಬೆಳಿಗ್ಗೆ ಹಸಿ ಎಲೆಯ ರಸ ಕುಡಿಯಬಹುದೇ? ತೂಕವೂ ಇಳಿಯುತ್ತದೆ ಎಂದು ಒಬ್ಬರು ಹೇಳಿದರು.
— ತುಮಕೂರು

ಬೇಡ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶಕ್ಕೆ ವಾಸಿಯಾಗದ ಹಾನಿಯಾಯಿತು, ಸಾವುಗಳೂ ಸಂಭವಿಸಿದವು. ನಮ್ಮಲ್ಲಿ ಬಳಕೆಯಲ್ಲಿರುವಂತೆ ಬೇಳೆಯ ಜೊತೆ ಬೇಯಿಸಿ ಹುಳಿಗೋ ಪಲ್ಯಕ್ಕೋ ಆಗಾಗ ಒಂದು ಹಿಡಿ ಬಳಸಿ. ಬೇಲಿಯ ಸಾಲಿನಲ್ಲಿ ಕಡ್ಡಿ ಊರಿದರೆ ಬದುಕುವ ಗಟ್ಟಿ ಗಿಡ, ಬೆಳೆಯಲು ಯಾವ ತಾಪತ್ರಯವೂ ಇಲ್ಲ. ದಿನನಿತ್ಯ ಹಸಿಯಾಗಿ ಕುಡಿಯುವ ಪದ್ಧತಿ ಯಾವ ಸೊಪ್ಪಿಗೂ ನನಗೆ ಒಪ್ಪಿಗೆಯಿಲ್ಲ.

ನಮ್ಮದು ಮೂರನೇ ಮಹಡಿಯ ಮನೆ. ಜೀವಾಮೃತ ಇಲ್ಲದೆ ಸಾವಯವ ತೋಟ ಸಾಧ್ಯವೇ? ಮಾಡುವುದಾದರೆ ಸಣ್ಣ ಪ್ರಮಾಣದ ಅಳತೆ ಕೊಡಿ.
— ಬಳ್ಳಾರಿ

ಖಂಡಿತ ಸಾಧ್ಯ. ಚೆನ್ನಾಗಿ ಮಾಗಿದ ಗೊಬ್ಬರ, ಎಲೆಯ ಹೊದಿಕೆ ಇದ್ದರೆ ಕುಂಡದ ಮಣ್ಣು ಜೀವಂತವಾಗಿಯೇ ಇರುತ್ತದೆ. ಮಾಡುವ ಆಸೆಯಿದ್ದರೆ ಹೊಲದ ಅಳತೆಯನ್ನು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿ. 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಎಂಬುದು ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಲೆಕ್ಕ. ನಿಮಗೆ 10 ಲೀಟರ್ ನೀರು, ಅರ್ಧ ಕೆ.ಜಿ. ಸಗಣಿ, ಕಾಲು ಲೀಟರ್ ಗಂಜಲ, ತಲಾ 100 ಗ್ರಾಂ ಬೆಲ್ಲ, ಕಡಲೆ ಹಿಟ್ಟು, ಒಂದು ಚಿಟಿಕೆ ಮಣ್ಣು. ಮಣ್ಣನ್ನು ಆಲದ ಬುಡದಿಂದಲೋ ಔಷಧಿ ಸೋಕದ ಹೊಲದ ಬದುವಿನಿಂದಲೋ ತನ್ನಿ. ಬಕೆಟ್ಟಿಗೆ ಗೋಣಿ ಮುಚ್ಚಿ ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಕಡ್ಡಿಯಿಂದ ತಿರುಗಿಸಿ. ಎರಡು ದಿನಕ್ಕೆ ಸಿದ್ಧ, ವಾರದೊಳಗೆ ಮುಗಿಸಿ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಒದ್ದೆ ಮಣ್ಣಿಗೆ ಹಾಕಿ. ಇಂದು ಕೊಯ್ಯುವ ಸೊಪ್ಪಿನ ಎಲೆಗಳಿಗೆ ಮಾತ್ರ ಸೋಕಿಸಬೇಡಿ, ಅದು ಹಸಿ ಸಗಣಿ.

ರಾತ್ರಿ ಬೆಳಗಾಗುವುದರೊಳಗೆ ದೊಡ್ಡ ಬಸವನಹುಳುಗಳು ಹರಿವೆ ಮಡಿಯನ್ನೇ ಬೋಳಿಸಿವೆ. ಉಪ್ಪು ಚೆಲ್ಲಿದರೆ ಸಾಯುತ್ತವೆ, ಆದರೆ ಮತ್ತೆ ಬರುತ್ತವೆ.
— ಕೊಡಗು

ಮಡಿಗೆ ಉಪ್ಪು ಚೆಲ್ಲುವುದನ್ನು ಇಂದೇ ನಿಲ್ಲಿಸಿ. ಹುಳು ಸಾಯುವುದರ ಜೊತೆಗೆ ಮಣ್ಣೂ ಕೆಡುತ್ತದೆ. ಇದು ಆಫ್ರಿಕಾದ ಬಸವನಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಒಬ್ಬರು ತಂದು ಬಿಟ್ಟ ಸಂತತಿ ಇಂದು ನಮ್ಮ ಕಾಫಿ ಸೀಮೆಯವರೆಗೂ ಹಬ್ಬಿದೆ. ಸಂಜೆ ಗೋಣಿಚೀಲವನ್ನು ಒದ್ದೆ ಮಾಡಿ, ಅದರಡಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಸಿಪ್ಪೆ ಹರಡಿ ಮಡಿಯ ಅಂಚಿನಲ್ಲಿಡಿ. ನಸುಕಿನಲ್ಲಿ ಚೀಲ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಕೈಗವಸು ಹಾಕದೆ ಮುಟ್ಟಬೇಡಿ, ಮೆದುಳಿಗೆ ಸೋಂಕು ತರುವ ಪರಾವಲಂಬಿ ಅದರಲ್ಲಿ ಇರಬಹುದು. ಮಕ್ಕಳಿಗೂ ತಿಳಿಹೇಳಿ. ಆರಿಸಿದ್ದನ್ನು ಬಕೆಟ್ಟಿನ ಗಾಢ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ತೋಟದಿಂದ ದೂರ ಆಳವಾಗಿ ಹೂಳಿ. ಕಲ್ಲಿನ ಸಂದಿ, ಕಟ್ಟಿಗೆ ರಾಶಿಯ ಅಡಿಯಲ್ಲಿ ಕಾಳುಮೆಣಸಿನಷ್ಟು ದಪ್ಪದ ತಿಳಿಹಳದಿ ಮೊಟ್ಟೆಗಳ ರಾಶಿ ಇರುತ್ತದೆ, ಹುಡುಕಿ ನಾಶಮಾಡಿ. ಒಬ್ಬರ ಮನೆಯಲ್ಲಿ ಮಾತ್ರ ಆರಿಸಿದರೆ ಪ್ರಯೋಜನ ಕಡಿಮೆ, ಓಣಿಯವರೆಲ್ಲ ಒಂದೇ ವಾರ ಸೇರಿ ಮಾಡಬೇಕಾದ ಕೆಲಸವಿದು.

ಟೊಮೇಟೊ ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದ್ದೇನೆ.
— ದಾವಣಗೆರೆ

ಹಣ್ಣಿನ ತುದಿಗೆ ಸುಣ್ಣದ ಅಂಶ ತಲುಪದಾಗ ಹೀಗಾಗುತ್ತದೆ. ಮಣ್ಣಿನಲ್ಲಿ ಅದು ಇದ್ದರೂ, ಅದನ್ನು ಮೇಲಕ್ಕೆ ಒಯ್ಯುವ ನೀರು ಒಂದು ದಿನ ಪ್ರವಾಹ, ಇನ್ನೊಂದು ದಿನ ಬರ ಎಂಬಂತಾದರೆ ತುದಿ ಸಾಯುತ್ತದೆ. ಮೊಟ್ಟೆ ಚಿಪ್ಪು ಕರಗಲು ತಿಂಗಳುಗಳೇ ಬೇಕು. ದಿನವೂ ಒಂದೇ ಹೊತ್ತಿಗೆ ಹದವಾಗಿ ನೀರು ಕೊಡಿ, ಬುಡಕ್ಕೆ ಕಬ್ಬಿನ ರವದಿ ಹೊದಿಸಿ, ಕೆಟ್ಟ ಹಣ್ಣು ಕಿತ್ತುಬಿಡಿ. ಮುಂದಿನ ಗೊಂಚಲು ಸರಿಯಾಗುತ್ತದೆ. ಎಲೆ ಮುಟುರು ರೋಗದ ಕಾಟವೂ ಇರುವುದರಿಂದ ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ ನೋಡಿ. ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಅದು.

ಟೆರೇಸಿನಲ್ಲಿ ನೂರು ಚೀಲ ಇಡುವ ಆಸೆ. ಮನೆ ಹಳೆಯದು. ಭಾರ ತಡೆಯುತ್ತದೆಯೇ?
— ಧಾರವಾಡ

12 ಇಂಚು ಅಗಲ, 12 ಇಂಚು ಎತ್ತರದ ಚೀಲಕ್ಕೆ ಸುಮಾರು 22 ಲೀಟರ್ ಮಣ್ಣು ಹಿಡಿಸುತ್ತದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ ಒಂದೊಂದೂ 30 ಕೆ.ಜಿ. ದಾಟುತ್ತದೆ, ನೂರಕ್ಕೆ ಮೂರು ಟನ್ನು. ಹಳೆಯ ಮನೆಯಾದ್ದರಿಂದ ಎಂಜಿನಿಯರನ್ನು ಕರೆಸಿ ತೋರಿಸದೆ ಹತ್ತು ಚೀಲವನ್ನೂ ಏರಿಸಬೇಡಿ. ಅವರು ಒಪ್ಪಿದರೆ ಚೀಲಗಳನ್ನು ನಡುವೆ ಗುಡ್ಡೆ ಹಾಕದೆ ಗೋಡೆ, ತೊಲೆಗಳ ನೇರಕ್ಕೆ ಸಾಲಾಗಿಡಿ. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿದರೆ ಭಾರ ಇಳಿಯುತ್ತದೆ. ನಾರಿನ ಪುಡಿಯನ್ನು ಎರಡು ಸಲ ನೆನೆಸಿ ಹಿಂಡಿ ಉಪ್ಪಿನಂಶ ತೆಗೆದೇ ಬಳಸಿ. ಚೀಲಗಳು ನೆಲಕ್ಕೆ ತಾಗದಂತೆ ಕಬ್ಬಿಣದ ಸ್ಟ್ಯಾಂಡಿನ ಮೇಲಿರಲಿ. ಹಕ್ಕಿಗಳು ಬಿತ್ತಿದ ಅರಳಿ, ಬಸರಿ ಸಸಿಗಳು ಟೆರೇಸಿನ ಬಿರುಕಿನಲ್ಲಿ ಎದ್ದಿದ್ದರೆ ಎರಡೆಲೆ ಇರುವಾಗಲೇ ಬೇರುಸಹಿತ ಕೀಳಿ. ಆರಿದ್ರಾ ಮಳೆ ಹಿಡಿಯುವ ಮುಂಚೆ ನೀರು ಹೋಗುವ ಕೊಳವೆಗಳ ಬಾಯಿಗೆ ಜಾಲರಿ ಹಾಕಿಸಿ, ಒಣ ಎಲೆ ಕಟ್ಟಿಕೊಂಡು ನೀರು ನಿಲ್ಲದಿರಲಿ.